ಕ್ಲಿಪ್ ಬಿಚ್ಚಿದ ಮೇಲಿನ ಕೆಲಸ

ಹಲ್ಲಿನ ಕ್ಲಿಪ್ ಬಿಚ್ಚಿಸಿದ ದಿನ ಮನೆಮಂದಿಗೆಲ್ಲ ಸಂತೋಷ. ಒಂದೂವರೆ, ಎರಡು ವರ್ಷ ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೋಗಿಬಂದದ್ದು, ತಂತಿ ಬಿಗಿ ಮಾಡಿಸಿಕೊಂಡ ರಾತ್ರಿ ರೊಟ್ಟಿ ಬಿಟ್ಟು ಗಂಜಿ ಕುಡಿದದ್ದು, ಫೋಟೊಕ್ಕೆ ನಿಂತಾಗ ತುಟಿ ಮುಚ್ಚಿಕೊಂಡದ್ದು ಎಲ್ಲವೂ ಅವತ್ತಿಗೆ ಮುಗಿಯಿತು ಎನಿಸುತ್ತದೆ. ಕೊನೆಯಲ್ಲಿ ಡಾಕ್ಟರು ಒಂದು ಚಿಕ್ಕ ಡಬ್ಬಿ ಕೈಗಿಟ್ಟು ‘ಇದನ್ನು ದಿನಾ ಹಾಕಿಕೊಳ್ಳಬೇಕು’ ಎಂದು ಹೇಳಿದ ಮಾತು ಆ ಸಡಗರದಲ್ಲಿ ಅರ್ಧ ಕಿವಿಗೆ ಬಿದ್ದಿರುತ್ತದೆ. ಡಬ್ಬಿಯಲ್ಲಿರುವುದು ರಿಟೇನರ್. ಜನರ ಬಾಯಲ್ಲಿ ಅದು ಬರೀ ‘ಪ್ಲೇಟು’. ಎರಡು ವರ್ಷದ ಖರ್ಚು, ನೋವು, ಓಡಾಟ ಕೈಗೆ ಹತ್ತುವುದೂ ತಪ್ಪಿಹೋಗುವುದೂ ಈ ಪ್ಲೇಟಿನ ಮೇಲೆ ನಿಂತಿದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಕಡೆಯವರಿಗೆ ಈ ಮಾತನ್ನು ಇನ್ನಷ್ಟು ಒತ್ತಿ ಹೇಳಬೇಕಾಗಿದೆ. 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ಆರು ತಾಲ್ಲೂಕುಗಳಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿದವು ಈ ಐದು. ಇಲ್ಲಿನವರು ಹಲ್ಲಿಗೆ ತಂತಿ ಹಾಕಿಸಬೇಕೆಂದರೆ ಸಾಮಾನ್ಯವಾಗಿ ಊರು ದಾಟಬೇಕು. ದಾವಣಗೆರೆಯಲ್ಲಿ 1979ರಲ್ಲಿ ಶುರುವಾದ ಬಾಪೂಜಿ ದಂತ ಕಾಲೇಜಿದೆ, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಇದೆ. ಚಿತ್ರದುರ್ಗದಲ್ಲಿ ಎಸ್‌ಜೆಎಂ ದಂತ ಕಾಲೇಜು, ಬಳ್ಳಾರಿಯಲ್ಲಿ ಸರ್ಕಾರಿ ದಂತ ಕಾಲೇಜು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, ಈಗ ವಿಜಯನಗರದಲ್ಲಿದೆ. ಜಿಲ್ಲೆ ಮೂರು ಸಲ ಬದಲಾದರೂ ಅಲ್ಲಿನವರ ದವಾಖಾನೆಯ ದಾರಿ ಬದಲಾಗಿಲ್ಲ. ಸುಮಾರು 50 ಕಿಲೊಮೀಟರ್ ದೂರದ ದಾವಣಗೆರೆಯೇ ಹತ್ತಿರ. ಕ್ಲಿಪ್ ಇರುವಷ್ಟು ದಿನ ತಿಂಗಳ ತಾರೀಕಿಗೆ ಸರಿಯಾಗಿ ಹೋಗುವ ಜನ, ಅದು ಬಿಚ್ಚಿದ ಮೇಲೆ ಆ ದಾರಿಯನ್ನೇ ಬಿಟ್ಟುಬಿಡುತ್ತಾರೆ. ‘ಮುಗೀತಲ್ಲ, ಇನ್ನೇನು ಹೋಗೋದು?’ ಎಂಬ ಪ್ರಶ್ನೆ ಸಹಜವಾದದ್ದೇ. ಆದರೆ ಹಲ್ಲಿನ ಮಟ್ಟಿಗೆ ಅದು ಮುಗಿದಿರುವುದಿಲ್ಲ.

ಏಕೆಂದರೆ ಹಲ್ಲು ಮೂಳೆಗೆ ಅಂಟಿಕೊಂಡಿಲ್ಲ. ಹಲ್ಲಿನ ಬೇರಿಗೂ ದವಡೆಯ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ಒಂದು ಪದರವಿದೆ. ಸಾವಿರಾರು ಸಣ್ಣ ನಾರುಗಳು ಆ ಪದರದಲ್ಲಿ ಹಲ್ಲನ್ನು ಮೂಳೆಗೆ ಬಿಗಿದು ಹಿಡಿದಿರುತ್ತವೆ. ತಂತಿ ಒಂದು ಕಡೆಗೆ ಎಳೆದಾಗ ಹಲ್ಲು ಒತ್ತುವ ಬದಿಯ ಮೂಳೆ ಕರಗುತ್ತದೆ, ಹಿಂದೆ ಖಾಲಿಯಾದ ಬದಿಯಲ್ಲಿ ಹೊಸ ಮೂಳೆ ಕಟ್ಟಿಕೊಳ್ಳುತ್ತದೆ. ಹೀಗೆ ತಿಂಗಳಿಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಹಲ್ಲು ಸರಿಯುತ್ತದೆ. ಕ್ಲಿಪ್ ಬಿಚ್ಚಿದ ದಿನ ಹಲ್ಲುಸಾಲು ಕಣ್ಣಿಗೆ ನೇರವಾಗಿದ್ದರೂ ಅದನ್ನು ಹಿಡಿದ ಮೂಳೆ ಇನ್ನೂ ಎಳಸು, ನಾರುಗಳು ಇನ್ನೂ ಎಳೆದುಕೊಂಡೇ ಇರುತ್ತವೆ. ಸ್ಲ್ಯಾಬ್ ಹಾಕಿದ ಮರುದಿನ ಕಾಂಕ್ರೀಟು ಗಟ್ಟಿಯಾದಂತೆ ಕಂಡರೂ ಮೇಸ್ತ್ರಿ ಸೆಂಟ್ರಿಂಗ್ ಬಿಚ್ಚುವುದಿಲ್ಲ. ಮೊದಲ ವರ್ಷ ರಿಟೇನರ್ ಮಾಡುವ ಕೆಲಸ ಅದೇ.

ನಾರುಗಳೆಲ್ಲ ಒಂದೇ ವೇಗದಲ್ಲಿ ಹೊಂದಿಕೊಳ್ಳುವುದಿಲ್ಲ ಎನ್ನುವುದೇ ಇಲ್ಲಿನ ಮುಖ್ಯ ಸಂಗತಿ. ಬೇರಿನ ಸುತ್ತಲಿನ ನಾರುಗಳು ಮೂರು ನಾಲ್ಕು ತಿಂಗಳಲ್ಲಿ ಹೊಸ ಜಾಗಕ್ಕೆ ಒಗ್ಗುತ್ತವೆ. ವಸಡಿನಲ್ಲಿರುವ ನಾರುಗಳಿಗೆ ನಾಲ್ಕರಿಂದ ಆರು ತಿಂಗಳು ಬೇಕು. ಮೂಳೆಯ ಅಂಚಿನ ಮೇಲೆ, ಹಲ್ಲಿನ ಕುತ್ತಿಗೆಯ ಸುತ್ತ ಇರುವ ಎಲಾಸ್ಟಿಕ್‌ನಂಥ ನಾರುಗಳಿಗೆ ವರ್ಷವೂ ಸಾಲದಾಗಬಹುದು. ನಾರ್ವೆಯ ಸಂಶೋಧಕ ಕೋರೆ ರೈಟನ್ ನಾಯಿಗಳ ಹಲ್ಲನ್ನು ತಿರುಗಿಸಿ, ಅಲ್ಲಾಡದಂತೆ ಹಿಡಿದಿಟ್ಟು ಪರೀಕ್ಷಿಸಿದಾಗ 232 ದಿನಗಳ ನಂತರವೂ ಈ ಮೇಲಿನ ನಾರುಗಳು ಎಳೆದುಕೊಂಡೇ ಇದ್ದವು. ಹುಟ್ಟುವಾಗಲೇ ತಿರುಚಿಕೊಂಡಿದ್ದ ಹಲ್ಲು ಕ್ಲಿಪ್ ಬಿಚ್ಚಿದ ಮೇಲೆ ಎಲ್ಲಕ್ಕಿಂತ ಮೊದಲು ಹಳೆಯ ಜಾಗಕ್ಕೆ ತಿರುಗುವುದು ಇದೇ ಕಾರಣಕ್ಕೆ. ಮೇಲಿನ ಎರಡು ಮುಂಬಲ್ಲುಗಳ ನಡುವಿನ ಸಂದೂ ಹಾಗೆಯೇ: ಮುಚ್ಚುವುದು ಸುಲಭ, ಮುಚ್ಚಿಯೇ ಇರುವಂತೆ ಮಾಡುವುದು ಕಷ್ಟ.

ಹಾಗಾದರೆ ಒಂದು ವರ್ಷ ಹಾಕಿದರೆ ಸಾಕೇ? ಹಿಂದೆ ಬಹಳಷ್ಟು ವೈದ್ಯರೂ ಹಾಗೆಯೇ ನಂಬಿದ್ದರು. ಆ ನಂಬಿಕೆಯನ್ನು ಅಲ್ಲಾಡಿಸಿದ್ದು ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ರಾಬರ್ಟ್ ಲಿಟಲ್ ಮತ್ತು ಅವರ ಸಹೋದ್ಯೋಗಿಗಳ ಕೆಲಸ. ಹಲ್ಲು ಕೀಳಿಸಿ, ಕ್ಲಿಪ್ ಹಾಕಿಸಿಕೊಂಡು, ಪ್ಲೇಟ್ ಹಾಕುವ ಅವಧಿಯನ್ನೂ ಮುಗಿಸಿದ 65 ಜನರನ್ನು ಅವರು ಹತ್ತು ವರ್ಷಗಳ ಬಳಿಕ ಮತ್ತೆ ಕರೆಸಿ ನೋಡಿದರು. 1981ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸುಮಾರು ಮೂರನೇ ಎರಡು ಪಾಲು ಜನರ ಕೆಳಗಿನ ಮುಂಬಲ್ಲುಗಳು ಒಪ್ಪುವ ಸ್ಥಿತಿಯಲ್ಲಿರಲಿಲ್ಲ. 1988ರಲ್ಲಿ ಇನ್ನೊಂದು ವರದಿ ಬಂತು. ಪ್ಲೇಟ್ ಬಿಟ್ಟು ಇಪ್ಪತ್ತು ವರ್ಷವಾದ 31 ಜನರಲ್ಲಿ ಹಲ್ಲುಸಾಲು ಚೆನ್ನಾಗಿ ಉಳಿದಿದ್ದವರು ಶೇಕಡ ಹತ್ತರಷ್ಟು ಮಾತ್ರ. ಕೆಲಸ ಕೆಟ್ಟದಾಗಿತ್ತು ಎನ್ನುವಂತಿಲ್ಲ. ಯಾರ ಹಲ್ಲು ಉಳಿಯುತ್ತದೆ, ಯಾರದು ಸರಿಯುತ್ತದೆ ಎಂದು ಮೊದಲೇ ಹೇಳುವ ಗುರುತು ಒಂದೂ ಅವರಿಗೆ ಸಿಗಲಿಲ್ಲ. ಇಂದು ತಜ್ಞರು ‘ನೇರ ಹಲ್ಲು ಎಷ್ಟು ವರ್ಷ ಬೇಕೋ ಅಷ್ಟು ವರ್ಷ ರಾತ್ರಿ ಪ್ಲೇಟ್ ಹಾಕಿ’ ಎಂದು ಹೇಳುವುದರ ಹಿಂದೆ ಈ ಪಾಠವಿದೆ.

ಇದಕ್ಕೆ ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ: ವಯಸ್ಸು. ಜೀವಮಾನದಲ್ಲಿ ಕ್ಲಿಪ್ಪನ್ನೇ ಕಾಣದವರಿಗೂ ಇಪ್ಪತ್ತರಿಂದ ನಲವತ್ತರ ನಡುವೆ ಕೆಳಗಿನ ಮುಂಬಲ್ಲುಗಳು ನಿಧಾನವಾಗಿ ಒತ್ತೊತ್ತಾಗುತ್ತವೆ. ಇದನ್ನು ಬುದ್ಧಿಹಲ್ಲಿನ ತಲೆಗೆ ಕಟ್ಟುವುದು ರೂಢಿ. ಹಿಂದಿನಿಂದ ಅದು ತಳ್ಳುವುದರಿಂದ ಮುಂದಿನವು ಸೊಟ್ಟಗಾಗುತ್ತವೆ ಎಂದು ಹೇಳಿ ನೋವಿಲ್ಲದ ಬುದ್ಧಿಹಲ್ಲನ್ನು ಕೀಳಿಸಿಕೊಂಡವರೂ ಇದ್ದಾರೆ. ಈ ನಂಬಿಕೆಯನ್ನು ಅಧ್ಯಯನಗಳು ಎತ್ತಿಹಿಡಿದಿಲ್ಲ. ಬುದ್ಧಿಹಲ್ಲು ಇದ್ದವರಿಗೂ ಇಲ್ಲದವರಿಗೂ ಮುಂಬಲ್ಲು ಸರಿಯುತ್ತದೆ. ಹುಳುಕು, ಕೀವು, ವಸಡಿನ ತೊಂದರೆ ಇದ್ದರೆ ಬುದ್ಧಿಹಲ್ಲು ಕೀಳಿಸುವ ಮಾತು ಬೇರೆ. ಮುಂಬಲ್ಲು ನೇರವಾಗಿರಲಿ ಎಂಬ ಒಂದೇ ಕಾರಣಕ್ಕೆ ಕೀಳಿಸಬೇಕಾಗಿಲ್ಲ. ಆ ದುಡ್ಡಿನಲ್ಲಿ ಒಂದು ಹೊಸ ರಿಟೇನರ್ ಮಾಡಿಸುವುದು ಮೇಲು.

ರಿಟೇನರ್‌ಗಳಲ್ಲಿ ನಮ್ಮ ಕಡೆ ಕಾಣುವವು ಮುಖ್ಯವಾಗಿ ಮೂರು ಬಗೆ. ಅಂಗುಳಿಗೆ ಕೂರುವ ಗುಲಾಬಿ ಬಣ್ಣದ ಅಕ್ರಿಲಿಕ್ ಪ್ಲೇಟು, ಅದರಿಂದ ಮುಂಬಲ್ಲುಗಳ ಮೇಲೆ ಹಾದುಹೋಗುವ ತಂತಿ, ಇದು ಹಾಲಿ ರಿಟೇನರ್. ಅಮೆರಿಕದ ಚಾರ್ಲ್ಸ್ ಹಾಲಿ 1919ರಲ್ಲಿ ಇದರ ಬಗ್ಗೆ ಬರೆದರು. ನೂರು ವರ್ಷ ದಾಟಿದರೂ ಇದು ಬಳಕೆಯಿಂದ ಹೋಗಿಲ್ಲ, ಹೋಗಬೇಕಾದ ಕಾರಣವೂ ಇಲ್ಲ: ಗಟ್ಟಿ, ಸಡಿಲವಾದರೆ ತಂತಿ ಬಿಗಿಮಾಡಬಹುದು, ಮುರಿದರೆ ಎಷ್ಟೋ ಸಲ ರಿಪೇರಿಯಾಗುತ್ತದೆ. ಮಾತು ಮೊದಲ ಕೆಲವು ದಿನ ತೊದಲುತ್ತದೆ, ಆಮೇಲೆ ನಾಲಗೆ ಒಗ್ಗಿಕೊಳ್ಳುತ್ತದೆ. ಎರಡನೆಯದು ಹಲ್ಲಿನ ಅಚ್ಚಿನ ಮೇಲೆ ಬಿಸಿ ಪ್ಲಾಸ್ಟಿಕ್ ಹಾಳೆಯನ್ನು ಎಳೆದು ಕೂರಿಸಿ ಮಾಡುವ ಪಾರದರ್ಶಕ ಕವಚ. 1993ರಲ್ಲಿ ಜಾನ್ ಶೆರಿಡನ್ ‘ಎಸಿಕ್ಸ್’ ಹೆಸರಿನಲ್ಲಿ ಇದನ್ನು ಪರಿಚಯಿಸಿದ ಮೇಲೆ ಜನಪ್ರಿಯವಾಯಿತು. ಕಾಣುವುದಿಲ್ಲ, ಹಗುರ. ಆದರೆ ಸವೆಯುತ್ತದೆ, ಬಿರುಕು ಬಿಡುತ್ತದೆ, ಆಗಾಗ ಹೊಸದು ಮಾಡಿಸಬೇಕು. ಮೂರನೆಯದು ಹಲ್ಲಿನ ಹಿಂಬದಿಗೆ ಅಂಟಿಸುವ ಸಣ್ಣ ಹೆಣೆದ ತಂತಿ. ಕೆಳಗಿನ ಒಂದು ಕೋರೆಹಲ್ಲಿನಿಂದ ಇನ್ನೊಂದು ಕೋರೆಹಲ್ಲಿನವರೆಗೆ ಇದು ಹಗಲೂ ರಾತ್ರಿ ಅಲ್ಲೇ ಇರುತ್ತದೆ. ಇವುಗಳಲ್ಲಿ ಯಾವುದು ಎಲ್ಲರಿಗೂ ಉತ್ತಮ ಎಂದು ಖಚಿತವಾಗಿ ಹೇಳುವಷ್ಟು ಪುರಾವೆ ಸಾಲದು ಎಂಬುದು ಇಂಥ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕೊಕ್ರೇನ್ ಸಂಸ್ಥೆಯ ಪರಿಶೀಲನೆಯಲ್ಲಿ ಕಂಡುಬಂದ ಮಾತು.

ಹೀಗಾಗಿ ಆಯ್ಕೆ ನಡೆಯಬೇಕಾದದ್ದು ಬಾಯಿಯನ್ನು ಮಾತ್ರ ನೋಡಿ ಅಲ್ಲ, ಊರನ್ನೂ ನೋಡಿ. ಈ ಐದು ತಾಲ್ಲೂಕುಗಳಲ್ಲಿ ಊರಿನ ನೀರೇ ಒಂದು ಪ್ರಶ್ನೆ. ಕೂಡ್ಲಿಗಿ, ಹರಪನಹಳ್ಳಿ ಭಾಗದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವುದು ಹೊಸ ಸುದ್ದಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಅದಕ್ಕಿಂತ ಹೆಚ್ಚು ಫ್ಲೋರೈಡ್ ಇರುವ ನೀರನ್ನು ಹುಟ್ಟಿದಂದಿನಿಂದ ಎಂಟು ವರ್ಷದವರೆಗೆ, ಅಂದರೆ ದವಡೆಯೊಳಗೆ ಶಾಶ್ವತ ಹಲ್ಲು ರೂಪುಗೊಳ್ಳುವಾಗ ಕುಡಿದ ಮಕ್ಕಳ ಹಲ್ಲಿನ ಮೇಲೆ ಬಿಳಿ ಪಟ್ಟೆ, ಹಳದಿ, ಕಂದು ಕಲೆ ಉಳಿದುಬಿಡುತ್ತದೆ. ದಾವಣಗೆರೆ ಜಿಲ್ಲೆಯ ಹಳ್ಳಿಗಳನ್ನು ಸುತ್ತಿ ಮಾಡಿದ, 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ನೀರಿನ ಫ್ಲೋರೈಡ್ ಏರಿದಂತೆ ಕಲೆಹಲ್ಲಿನ ಮಕ್ಕಳ ಪ್ರಮಾಣವೂ ಏರುವುದನ್ನು ತೋರಿಸಿತ್ತು.

ಕಲೆಗೂ ರಿಟೇನರ್‌ಗೂ ಏನು ಸಂಬಂಧ ಎಂದು ಕೇಳಬಹುದು. ತಂತಿ ಅಂಟಿಸುವ ಮೊದಲು ವೈದ್ಯರು ಹಲ್ಲಿನ ಎನಾಮಲ್ ಮೇಲೆ ಆಸಿಡ್ ಜೆಲ್ ಹಚ್ಚಿ ಅದನ್ನು ಸೂಕ್ಷ್ಮವಾಗಿ ಒರಟು ಮಾಡುತ್ತಾರೆ. ಅಂಟು ಹಿಡಿಯುವುದು ಆ ಒರಟಿನಲ್ಲಿ. ಫ್ಲೋರೈಡ್ ಹೆಚ್ಚು ಹೀರಿದ ಎನಾಮಲ್‌ನ ಮೇಲ್ಪದರ ಆಸಿಡ್‌ಗೆ ಬೇಗ ಬಗ್ಗುವುದಿಲ್ಲ. ಹೀಗಾಗಿ ಕ್ಲಿಪ್ಪಿನ ಬಿಲ್ಲೆಗಳು ಆಗಾಗ ಕಳಚುತ್ತವೆ, ಕ್ಲಿಪ್ ಬಿಚ್ಚಿದ ಮೇಲೆ ಹಿಂಬದಿಗೆ ಅಂಟಿಸಿದ ತಂತಿಯೂ ಬಿಡುವ ಸಂಭವ ಹೆಚ್ಚು. ಹೆಚ್ಚು ಹೊತ್ತು ಆಸಿಡ್ ಹಚ್ಚುವುದು, ಮೇಲ್ಪದರವನ್ನು ತುಸು ಉಜ್ಜುವುದು ಮುಂತಾದ ದಾರಿಗಳು ವೈದ್ಯರಿಗೆ ಗೊತ್ತು. ಆದರೂ ಕಲೆ ಗಾಢವಾಗಿರುವವರು ಅಂಟಿಸಿದ ತಂತಿಯೊಂದನ್ನೇ ನಂಬಿ ಕೂರಬಾರದು. ಅದರ ಜೊತೆಗೆ ರಾತ್ರಿ ಹಾಕಿಕೊಳ್ಳುವ ಒಂದು ಪ್ಲೇಟನ್ನೂ ಕೇಳಿ ಪಡೆಯುವುದು ಜಾಣತನ.

ಊಟವೂ ಲೆಕ್ಕಕ್ಕೆ ಬರುತ್ತದೆ. ಖಡಕ್ ಜೋಳದ ರೊಟ್ಟಿ, ಸುಟ್ಟ ಮೆಕ್ಕೆಜೋಳದ ತೆನೆ, ಕಬ್ಬು, ಹುರಿದ ಶೇಂಗಾ, ಗಟ್ಟಿ ಪೇರಲಕಾಯಿ ಇವೆಲ್ಲ ಮುಂಬಲ್ಲಿಗೆ ಕೆಲಸ ಕೊಡುವ ತಿನಿಸುಗಳು. ಹಲ್ಲಿನ ಹಿಂಬದಿಗೆ ತಂತಿ ಅಂಟಿಸಿಕೊಂಡವರು ಇವನ್ನು ಬಿಡಬೇಕಾಗಿಲ್ಲ. ಮುಂಬಲ್ಲಿನಿಂದ ಕಚ್ಚಿ ಎಳೆಯುವುದನ್ನು ಬಿಡಬೇಕು. ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿ, ತೆನೆಯ ಕಾಳು ಬಿಡಿಸಿ, ಹಣ್ಣು ಹೆಚ್ಚಿ ದವಡೆ ಹಲ್ಲಿಗೆ ಕೊಟ್ಟರೆ ಆಯಿತು. ತಂತಿ ಒಂದೇ ಹಲ್ಲಿನಿಂದ ಬಿಟ್ಟುಕೊಂಡಾಗ ನೋವು ಆಗುವುದಿಲ್ಲ, ಗೊತ್ತೂ ಆಗುವುದಿಲ್ಲ. ಆ ಒಂದು ಹಲ್ಲು ಮಾತ್ರ ಸದ್ದಿಲ್ಲದೆ ಸರಿಯುತ್ತ ಹೋಗುತ್ತದೆ. ವಾರಕ್ಕೊಮ್ಮೆ ನಾಲಗೆಯ ತುದಿಯಿಂದ, ಕನ್ನಡಿ ಮುಂದೆ ಮೊಬೈಲ್ ಟಾರ್ಚ್ ಹಿಡಿದು, ಪ್ರತಿ ಹಲ್ಲಿನ ಹಿಂದೆ ಅಂಟು ಇದೆಯೇ ಎಂದು ನೋಡಿಕೊಳ್ಳುವುದು ಯಾರಿಂದಲೂ ಆಗುವ ಕೆಲಸ. ಅಪರೂಪಕ್ಕೆ ತಂತಿ ಗಟ್ಟಿಯಾಗಿ ಅಂಟಿಕೊಂಡಿದ್ದರೂ ಅದೇ ತಿರುಚಿಕೊಂಡು ಹಲ್ಲಿನ ಬೇರನ್ನು ಪಕ್ಕಕ್ಕೆ ತಳ್ಳಿದ ಪ್ರಕರಣಗಳಿವೆ. ತಂತಿ ಇದೆ, ಆದರೂ ಹಲ್ಲು ಬಾಗುತ್ತಿದೆ ಅನಿಸಿದರೆ ಕಾಯದೆ ಹೋಗಬೇಕು. ಈ ತಂತಿಯ ಸುತ್ತ ಪಾಚಿ ಬೇಗ ಕಟ್ಟುವುದರಿಂದ ಹಲ್ಲಿನ ಸಂದಿಗೆ ಹೋಗುವ ಚಿಕ್ಕ ಬ್ರಷ್ ಬಳಸಬೇಕು, ವರ್ಷಕ್ಕೊಮ್ಮೆಯಾದರೂ ಹಲ್ಲು ಕ್ಲೀನ್ ಮಾಡಿಸಬೇಕು. ಗುಟ್ಕಾ, ತಂಬಾಕಿನ ಚಟವಿರುವವರ ವಸಡು ಕೆಟ್ಟು ಮೂಳೆ ಇಳಿದರೆ ಯಾವ ರಿಟೇನರ್ರೂ ಹಲ್ಲನ್ನು ಹಿಡಿದಿಡಲಾರದು.

ತೆಗೆದು ಹಾಕುವ ಪ್ಲೇಟಿನ ಶತ್ರು ಬೇರೆ. ಅದು ಮುರಿಯುವುದಕ್ಕಿಂತ ಹೆಚ್ಚಾಗಿ ಕಳೆದುಹೋಗುತ್ತದೆ. ಮದುವೆಯ ಪಂಕ್ತಿಯಲ್ಲಿ ಊಟಕ್ಕೆ ಕೂತವರು ಪಾರದರ್ಶಕ ಪ್ಲೇಟನ್ನು ತೆಗೆದು ಬಾಳೆಲೆಯ ಅಂಚಿಗಿಡುತ್ತಾರೆ, ಎಲೆ ಎತ್ತುವಾಗ ಅದೂ ಹೋಗುತ್ತದೆ. ಹೋಟೆಲಿನಲ್ಲಿ ಟಿಶ್ಯೂ ಕಾಗದದಲ್ಲಿ ಸುತ್ತಿಟ್ಟದ್ದು ಕಸದ ಬುಟ್ಟಿ ಸೇರುತ್ತದೆ. ಉಗುಳಿನ ವಾಸನೆ ಹಿಡಿದು ಮನೆಯ ನಾಯಿ ಅದನ್ನು ಕಚ್ಚಿ ಹಾಳುಮಾಡುವುದೂ ಉಂಟು. ಬಾಯಲ್ಲಿ ಇಲ್ಲದಿದ್ದರೆ ಡಬ್ಬಿಯಲ್ಲಿ ಇರಬೇಕು, ಮೂರನೆಯ ಜಾಗ ಅದಕ್ಕಿಲ್ಲ.

ಇನ್ನು ಬಿಸಿಲು. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ಸೀಮೆ ಇದು. ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೋ ಬೈಕಿನ ಬಾಕ್ಸಿನಲ್ಲೋ ಇಟ್ಟ ಪ್ಲಾಸ್ಟಿಕ್ ಕವಚ ಕಣ್ಣಿಗೆ ಕಾಣದಷ್ಟು ಸೊಟ್ಟಗಾಗಿ, ಆಮೇಲೆ ಹಲ್ಲಿಗೆ ಕೂರುವುದಿಲ್ಲ. ಶುದ್ಧವಾಗಲಿ ಎಂದು ಕುದಿನೀರಿಗೆ ಹಾಕುವುದೂ ಅದನ್ನು ಹಾಳುಮಾಡುವ ದಾರಿಯೇ. ತಣ್ಣೀರು, ಮೆತ್ತನೆಯ ಬ್ರಷ್, ಸ್ವಲ್ಪ ಸೌಮ್ಯ ಸೋಪು ಸಾಕು. ಪೇಸ್ಟಿನಿಂದ ಉಜ್ಜಿದರೆ ಗೀರು ಬಿದ್ದು ಮಂಕಾಗುತ್ತದೆ. ಗಡಸು ಬೋರ್ ನೀರಿನಲ್ಲಿ ತೊಳೆದು ಹಾಗೆಯೇ ಒಣಗಿಸಿದರೆ ಬಿಳಿ ಪದರ ಕಟ್ಟುತ್ತದೆ, ಆದ್ದರಿಂದ ಕೊನೆಗೊಮ್ಮೆ ಶುದ್ಧ ನೀರಿನ ಘಟಕದಿಂದ ತಂದ ನೀರಿನಲ್ಲಿ ಅದ್ದಿ ತೆಗೆಯಬೇಕು. ಪ್ಲೇಟು ಬಾಯಲ್ಲಿರುವಾಗ ಬಿಸಿ ಚಹಾ ಬೇಡ. ಸಕ್ಕರೆ ನೀರು ಪ್ಲೇಟಿನೊಳಗೆ ನಿಂತು ಹಲ್ಲನ್ನು ಹುಳುಕಾಗಿಸುತ್ತದೆ.

ಎಷ್ಟು ಹೊತ್ತು ಹಾಕಬೇಕು ಎಂಬುದು ಪ್ರತಿಯೊಬ್ಬರ ಹಲ್ಲು ಮೊದಲು ಹೇಗಿತ್ತು ಎನ್ನುವುದನ್ನು ನೋಡಿ ವೈದ್ಯರು ನಿರ್ಧರಿಸುವ ವಿಷಯ. ಮೊದಲ ಮೂರರಿಂದ ಆರು ತಿಂಗಳು ಊಟ, ಹಲ್ಲುಜ್ಜುವ ಹೊತ್ತು ಬಿಟ್ಟು ಇಡೀ ದಿನ, ಆಮೇಲೆ ರಾತ್ರಿ ಮಾತ್ರ ಎಂಬುದು ಬಹಳ ಕಾಲದಿಂದ ನಡೆದುಬಂದ ಕ್ರಮ. ಪಾರದರ್ಶಕ ರಿಟೇನರ್ ಹಾಕುವವರಲ್ಲಿ ಮೊದಲ ದಿನದಿಂದಲೇ ರಾತ್ರಿ ಮಾತ್ರ ಹಾಕಿದವರಿಗೂ ಇಡೀ ದಿನ ಹಾಕಿದವರಿಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ ಎಂದು ಕೆಲವು ಅಧ್ಯಯನಗಳು ಹೇಳುತ್ತವೆ. ಇಡೀ ದಿನ ಹಾಕಲು ಬೇಸತ್ತು ಪೂರ್ತಿ ಬಿಡುವುದಕ್ಕಿಂತ ಪ್ರತಿ ರಾತ್ರಿ ತಪ್ಪದೆ ಹಾಕುವುದು ಎಷ್ಟೋ ವಾಸಿ. ನಾಲಗೆಯಿಂದ ಹಲ್ಲು ತಳ್ಳುವ, ಬಾಯಿಂದ ಉಸಿರಾಡುವ ಅಭ್ಯಾಸ ಇನ್ನೂ ಇದ್ದವರು ಅದನ್ನು ವೈದ್ಯರಿಗೆ ಹೇಳಲೇಬೇಕು. ಆ ಅಭ್ಯಾಸ ಹೋಗದೆ ಪ್ಲೇಟೊಂದೇ ಗೆಲ್ಲುವುದು ಕಷ್ಟ.

ಪ್ಲೇಟು ಬಿಟ್ಟುಹೋಗುವ ಘಟ್ಟಗಳು ಬಹುತೇಕ ಮನೆಗಳಲ್ಲಿ ಒಂದೇ. ಎಸ್ಸೆಸ್ಸೆಲ್ಸಿ ಮುಗಿಯುವ ಹೊತ್ತಿಗೆ ಕ್ಲಿಪ್ ಬಿಚ್ಚಿ, ಪಿಯುಸಿಗೆ ದಾವಣಗೆರೆ, ಧಾರವಾಡ, ಬೆಂಗಳೂರಿನ ಹಾಸ್ಟೆಲ್ ಸೇರುವ ಮಕ್ಕಳಿಗೆ ಎಂಟು ಜನರ ಕೋಣೆಯಲ್ಲಿ ಪ್ಲೇಟು ತೆಗೆದು ತೊಳೆಯಲು ಸಂಕೋಚ. ಮದುವೆಗೆ ಮುಂಚೆ ಹಲ್ಲು ಸರಿಮಾಡಿಸಿದ ಹೆಣ್ಣುಮಕ್ಕಳಿಗೆ ಅತ್ತೆಮನೆಯಲ್ಲಿ ಅದನ್ನು ಹಾಕಿಕೊಳ್ಳಲು ಇನ್ನೂ ಸಂಕೋಚ. ‘ಹಲ್ಲು ಕಟ್ಟಿಸಿಕೊಂಡಿದಾಳೆ’ ಎಂದು ಯಾರಾದರೂ ಅಂದಾರು ಎಂಬ ಅಳುಕು. ಈ ಅಳುಕನ್ನು ಅವರೊಬ್ಬರೇ ಹೊರಬಾರದು. ಕನ್ನಡಕ ತೊಳೆದಿಡುವುದರಲ್ಲಿ ಇಲ್ಲದ ನಾಚಿಕೆ ಇದರಲ್ಲೂ ಬೇಕಿಲ್ಲ ಎಂದು ತಾಯಿ ತಂದೆ, ಗಂಡ, ಅತ್ತೆ ಬಾಯಿಬಿಟ್ಟು ಹೇಳಬೇಕು.

ದಂತ ಕಾಲೇಜುಗಳಲ್ಲಿ ಚಿಕಿತ್ಸೆ ಪಡೆದವರು ಇನ್ನೊಂದು ವಿಷಯ ತಿಳಿದಿರಬೇಕು. ಅಲ್ಲಿ ತಜ್ಞರ ಮೇಲ್ವಿಚಾರಣೆಯಲ್ಲಿ ತಂತಿ ಹಾಕುವವರು ಎಂಡಿಎಸ್ ಓದುವ ಸ್ನಾತಕೋತ್ತರ ವಿದ್ಯಾರ್ಥಿಗಳು. ಆ ಕೋರ್ಸು ಮೂರು ವರ್ಷ. ಕ್ಲಿಪ್ ಬಿಚ್ಚಿದ ಮರುವರ್ಷ ಹೋದರೆ ನಿಮ್ಮ ಹಲ್ಲಿನ ಗುರುತಿದ್ದ ಡಾಕ್ಟರು ಅಲ್ಲಿ ಇರದೇ ಹೋಗಬಹುದು. ಅದಕ್ಕಾಗಿ ಒಪಿಡಿ ಚೀಟಿ, ಚಿಕಿತ್ಸೆ ಮುಗಿದಾಗಿನ ಫೋಟೊ, ಸಾಧ್ಯವಾದರೆ ಹಲ್ಲಿನ ಅಚ್ಚಿನ ಮಾಡೆಲ್ ಕೇಳಿ ಇಟ್ಟುಕೊಳ್ಳಬೇಕು. ಚಿಕಿತ್ಸೆ ಶುರುವಾಗುವ ಮೊದಲೇ ಒಟ್ಟು ಖರ್ಚಿನಲ್ಲಿ ರಿಟೇನರ್ ಸೇರಿದೆಯೇ, ಕಳೆದುಹೋದರೆ ಎರಡನೆಯದಕ್ಕೆ ಎಷ್ಟು ಎಂದು ಕೇಳಿ ತಿಳಿಯಬೇಕು. ಇಡೀ ಚಿಕಿತ್ಸೆಯ ಖರ್ಚಿನ ಮುಂದೆ ಇದು ಸಣ್ಣ ಪಾಲು. ಮತ್ತೆ ಕ್ಲಿಪ್ ಹಾಕಿಸುವ ಪ್ರಸಂಗ ಬಂದರೆ ಮಾತ್ರ ಖರ್ಚು, ವರ್ಷ ಎರಡೂ ಹೊಸದಾಗಿ ಲೆಕ್ಕಕ್ಕೆ ಬರುತ್ತವೆ. ಸರ್ಕಾರದ ದಂತ ಭಾಗ್ಯ ಯೋಜನೆ ಬಡ ಹಿರಿಯರಿಗೆ ಹಲ್ಲಿನ ಸೆಟ್ಟು ಕೊಡುವುದಕ್ಕಾಗಿ ಬಂದದ್ದು, ಇಂಥ ಚಿಕಿತ್ಸೆಗಲ್ಲ. ಆದರೂ ತಂತಿ ಬಿಟ್ಟಿದೆಯೇ ಎಂದು ನೋಡುವುದು, ಹಲ್ಲಿನ ಅಳತೆಯ ಅಚ್ಚು ತೆಗೆಯುವುದು ಸಾಮಾನ್ಯ ದಂತವೈದ್ಯರೂ ಮಾಡಬಲ್ಲ ಕೆಲಸ. ಪ್ರತಿ ಸಣ್ಣ ಅನುಮಾನಕ್ಕೂ ದಾವಣಗೆರೆಗೇ ಓಡಬೇಕಾಗಿಲ್ಲ. ಊರಿನ ದಂತವೈದ್ಯರಿಗೆ ಮೊದಲು ತೋರಿಸಿ, ಅವರು ಹೇಳಿದರೆ ಮುಂದಕ್ಕೆ ಹೋಗಬಹುದು.

ಮನೆಯ ಕಪಾಟಿನಲ್ಲಿ ಹಳೆಯ ಪ್ಲೇಟಿನ ಡಬ್ಬಿ ಇದ್ದವರು ಇವತ್ತು ರಾತ್ರಿಯೇ ಅದನ್ನು ತೊಳೆದು ಹಾಕಿ ನೋಡಲಿ. ಸಲೀಸಾಗಿ ಕೂತರೆ ಅಲ್ಲಿಂದಲೇ ಮತ್ತೆ ಶುರುಮಾಡಬಹುದು. ಬಿಗಿಯೆನಿಸಿದರೂ ಪೂರ್ತಿ ಕೂತರೆ ಕೆಲವು ರಾತ್ರಿ ಬಿಡದೆ ಹಾಕಿ, ಬಿಗಿ ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಬೇಕು. ಕೂರದಿದ್ದರೆ ಬಲವಂತವಾಗಿ ಒತ್ತಬೇಡಿ. ಆ ಪ್ಲೇಟನ್ನೂ ಹಳೆಯ ಚೀಟಿಯನ್ನೂ ಕೈಯಲ್ಲಿ ಹಿಡಿದು ಈ ವಾರವೇ ದಂತವೈದ್ಯರ ಹತ್ತಿರ ಹೋಗಿ, ಹೊಸ ಅಳತೆ ಕೊಟ್ಟು ಬನ್ನಿ.